ಮೆಡಿಕಲ್ ಶಾಪಿನಲ್ಲಿ ನ್ಯಾಯವಾಗಿ ಕೆಲಸ ಮಾಡುವುದು ಹೇಗೆ: ಹೊಸ ಫಾರ್ಮಸಿಸ್ಟ್‌ಗಳಿಗೆ

ಡಿ.ಫಾರ್ಮ (ಎರಡು ವರ್ಷದ ಫಾರ್ಮಸಿ ಡಿಪ್ಲೊಮಾ) ಮುಗಿಸಿ, ಫಾರ್ಮಸಿ ಕೌನ್ಸಿಲ್‌ನಿಂದ ರಿಜಿಸ್ಟ್ರೇಷನ್ ನಂಬರ್ ಬಂದ ಮೇಲೆ ಎಷ್ಟೋ ಮಕ್ಕಳಿಗೆ ಮೊದಲು ಬರುವ ಫೋನ್ ಯಾವುದು ಗೊತ್ತಾ? ಯಾವುದೋ ಮೆಡಿಕಲ್ ಶಾಪಿನ ಮಾಲೀಕರದು: "ನೀವು ಬರೋದೇನೂ ಬೇಡ. ಸರ್ಟಿಫಿಕೇಟ್ ಕೊಟ್ಟರೆ ಸಾಕು. ತಿಂಗಳು ತಿಂಗಳು ದುಡ್ಡು ಅಕೌಂಟಿಗೆ ಹಾಕ್ತೀವಿ."

ನಾನು ಅರಸೀಕೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ವಾರಕ್ಕೊಂದು ದಿನ ಕಾಲೇಜಿಗೆ ಹೋಗಿ ಎರಡನೇ ವರ್ಷದವರಿಗೆ ಫಾರ್ಮಸಿ ಕಾನೂನು ಮತ್ತು ನೀತಿಯ ಪಾಠ ಹೇಳುತ್ತೇನೆ. ಈ ಫೋನಿನ ವಿಷಯ ಪ್ರತಿ ವರ್ಷ ಯಾರಾದರೊಬ್ಬರು ನನ್ನ ಹತ್ತಿರ ತರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅನುಭವದಲ್ಲಿ ಒಂದು ಮಾತು ಗಟ್ಟಿ. ಕೌಂಟರಿನಲ್ಲಿ ನಿಂತು "ಇದು ಕೊಡೋಕಾಗಲ್ಲ" ಎನ್ನುವ ಧೈರ್ಯ ಆ ಹೊತ್ತಿಗೆ ತಾನಾಗಿ ಹುಟ್ಟುವುದಿಲ್ಲ. ಎದುರಿಗಿರುವವರು ಪರಿಚಯದವರು, ಸಂಜೆ ಏಳರ ರಶ್ಶು, ಹಿಂದಿನಿಂದ ಮಾಲೀಕರು ನೋಡುತ್ತಿರುತ್ತಾರೆ. ಆಗ ಒಳ್ಳೆಯ ಮನಸ್ಸೊಂದೇ ಸಾಲುವುದಿಲ್ಲ. ಮೊದಲೇ ಅಣಿ ಮಾಡಿಕೊಂಡಿರಬೇಕು. ಕಾನೂನು, ನಿಯಮ, ಓದು, ಈ ಮೂರನ್ನೂ ಆ ತಯಾರಿಗೆ ಬಳಸಿಕೊಳ್ಳಬಹುದು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಸರ್ಟಿಫಿಕೇಟ್ ಬಾಡಿಗೆಗೆ ಬೇಡ

ಮೊದಲ ತೀರ್ಮಾನ ಇದೇ. ಇದನ್ನು ಬಿಟ್ಟುಕೊಟ್ಟರೆ ಮುಂದೆ ನಾನು ಹೇಳುವ ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ.

1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಡಾಕ್ಟರ್ ಚೀಟಿಗೆ ಔಷಧಿ ಕೊಡುವ ಕೆಲಸ ರಿಜಿಸ್ಟರ್ಡ್ ಫಾರ್ಮಸಿಸ್ಟ್‌ದು. ಬೇರೆಯವರು ಮಾಡಿದರೆ ಜೈಲು, ದಂಡ ಎರಡೂ ಇವೆ. 1945ರ ಔಷಧ ನಿಯಮಗಳ 65ನೇ ನಿಯಮವೂ ಅದನ್ನೇ ಹೇಳುತ್ತದೆ. ಔಷಧಿಯನ್ನು ಫಾರ್ಮಸಿಸ್ಟ್ ತಾನೇ ಕೊಡಬೇಕು, ಇಲ್ಲವೇ ಖುದ್ದಾಗಿ ನಿಂತು ಕೊಡಿಸಬೇಕು. ಖುದ್ದಾಗಿ ಅಂದರೆ ಅಂಗಡಿಯೊಳಗೆ. ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಮಾಡುತ್ತಾ ಹಾಸನದ ಅಂಗಡಿಗೆ ಫಾರ್ಮಸಿಸ್ಟ್ ಆಗಿರಲು ಬರುವುದಿಲ್ಲ.

ಈಗ ನಿಮ್ಮ ಸ್ಥಿತಿ ಯೋಚಿಸಿ. ಅಂಗಡಿಯ ದಾಖಲೆಯಲ್ಲಿ ನಿಮ್ಮ ಹೆಸರಿದೆ. ಕೌಂಟರಿನಲ್ಲಿ ಪಿಯುಸಿ ಓದಿದ ಹುಡುಗನೊಬ್ಬ ನಿಂತಿದ್ದಾನೆ. ಅವನು ಯಾರಿಗೋ ನಿದ್ದೆ ಮಾತ್ರೆ ಸ್ಟ್ರಿಪ್‌ಗಟ್ಟಲೆ ಕೊಟ್ಟ. ಪೊಲೀಸರು ಬಂದಾಗ ಹುಡುಕುವುದು ನಿಮ್ಮನ್ನು. ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್‌ನಲ್ಲಿ ನಿಮ್ಮ ಹೆಸರನ್ನು ರಿಜಿಸ್ಟರಿನಿಂದಲೇ ತೆಗೆಯುವ ಅಧಿಕಾರ ಕೌನ್ಸಿಲ್‌ಗೆ ಇದೆ. ಎರಡು ವರ್ಷ ಓದಿ ಸಂಪಾದಿಸಿದ್ದು ಅಲ್ಲಿಗೆ ಮುಗಿಯಿತು.

ಫೋನ್ ಮಾಡಿದವರಿಗೆ ಏನು ಹೇಳಬೇಕು? ಜಗಳ ಬೇಡ. "ಕೆಲಸ ಇದ್ದರೆ ಹೇಳಿ ಸರ್, ಬರ್ತೀನಿ. ಬರೀ ಸರ್ಟಿಫಿಕೇಟ್ ಕೊಡೋದಿಲ್ಲ" ಅನ್ನಿ. ಹೀಗೆ ಹೇಳಿದ ಹುಡುಗಿಯೊಬ್ಬಳಿಗೆ ಅದೇ ಮಾಲೀಕರು ಆಮೇಲೆ ಪೂರ್ತಿ ಸಂಬಳದ ಕೆಲಸ ಕೊಟ್ಟರು. ಎಲ್ಲರಿಗೂ ಹಾಗೆ ಆಗುತ್ತದೆ ಅಂತ ನಾನು ಹೇಳಲಾರೆ. ಆದರೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಕೆಲಸ ಬಿಡುವಾಗಲೂ ಒಂದು ಎಚ್ಚರ ಇರಲಿ. ಮಾಲೀಕರಿಗೆ ರಾಜೀನಾಮೆ ಪತ್ರ ಕೊಡಿ, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಅದರ ಒಂದು ಪ್ರತಿಯನ್ನು ನೀವೇ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಮಾಲೀಕರು ತಿಳಿಸುತ್ತಾರೆ ಅಂತ ಸುಮ್ನೆ ಇರಬೇಡಿ. ನೀವು ಬಿಟ್ಟು ಹೋದ ಮೇಲೂ ನಿಮ್ಮ ಹೆಸರಿನಲ್ಲೇ ಅಂಗಡಿ ನಡೆಯುತ್ತಿರಬಹುದು.

ನಿಯಮವನ್ನು ಅದರ ಕಾರಣದ ಜೊತೆ ಓದಿ

ಪಾಠ ಮಾಡುವಾಗ ನಾನು ಸೆಕ್ಷನ್ ನಂಬರ್ ಬಾಯಿಪಾಠ ಮಾಡಿಸುವುದಿಲ್ಲ. ಪರೀಕ್ಷೆಗೆ ಬೇಕಾದಷ್ಟು ಮಾತ್ರ. ಪ್ರತಿ ನಿಯಮದ ಹಿಂದೆ ಯಾರು ಸತ್ತರು, ಯಾರಿಗೆ ಮೋಸವಾಯಿತು ಅಂತ ಹೇಳುತ್ತೇನೆ. ಅದು ಮರೆಯುವುದಿಲ್ಲ.

1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫಾ ಔಷಧಿಯನ್ನು ಸಿರಪ್ ಮಾಡಲು ಡೈಇಥಿಲೀನ್ ಗ್ಲೈಕಾಲ್ ಬಳಸಿತು. ಅದು ಕಿಡ್ನಿ ಹಾಳು ಮಾಡುವ ವಿಷ. ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಅಲ್ಲಿ ಕಾನೂನು ಬಿಗಿಯಾಯಿತು. ನಮ್ಮಲ್ಲಿ ಆಗ ಮಾರುಕಟ್ಟೆ ಕಲಬೆರಕೆ ಔಷಧಿಯಿಂದ ತುಂಬಿತ್ತು. ರಾಮನಾಥ ಚೋಪ್ರಾ ಅವರ ಸಮಿತಿ 1930-31ರಲ್ಲಿ ದೇಶ ಸುತ್ತಿ ವರದಿ ಕೊಟ್ಟಿತು. ಔಷಧಿಗೂ ಕಾನೂನು ಬೇಕು, ಔಷಧಿ ಕೊಡುವವನಿಗೂ ಓದು ಬೇಕು ಅಂತ ಆ ಸಮಿತಿ ಹೇಳಿತ್ತು. ಅದರ ನಂತರವೇ 1940ರ ಔಷಧ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ ಬಂದವು. ಅದೇ ಕಾಲದಲ್ಲಿ, 1932ರಲ್ಲಿ, ಮಹದೇವ ಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರು ಮಾಡಿದ್ದರು. ಕಾನೂನು, ಓದು ಎರಡೂ ಮೊದಲಿನಿಂದಲೂ ಜೊತೆಯಾಗಿಯೇ ಬಂದಿವೆ.

ಆದರೆ ಆ ವಿಷ ಇನ್ನೂ ಹೋಗಿಲ್ಲ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಮಕ್ಕಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿದ್ದು ನಮ್ಮ ದೇಶದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಹೋಗಿ ಸತ್ತರು. ಕೋಲ್ಡ್‌ರಿಫ್ ಎಂಬ ಆ ಸಿರಪ್‌ನ ಎಸ್‌ಆರ್-13 ಬ್ಯಾಚಿನಲ್ಲಿ ಇದೇ ಡೈಇಥಿಲೀನ್ ಗ್ಲೈಕಾಲ್ ಸಿಕ್ಕಿತು. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಯಬೇಕು ಅಂದಾಗ ಹುಡುಗರು ಮುಖ ಸಿಂಡರಿಸುತ್ತಾರಲ್ಲ, ಆಗ ನಾನು ಇದನ್ನು ಹೇಳುತ್ತೇನೆ. ಒಂದು ಬ್ಯಾಚ್ ಕೆಟ್ಟದ್ದು ಅಂತ ಸುದ್ದಿ ಬಂದರೆ, ನಿಮ್ಮ ಅಂಗಡಿಯಿಂದ ಅದು ಯಾರ ಮನೆಗೆ ಹೋಗಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗಬೇಕು. ಬಿಲ್ ಸರಿ ಇದ್ದರೆ ಫೋನ್ ಮಾಡಿ ವಾಪಸ್ ತರಿಸಬಹುದು. ಇಲ್ಲದಿದ್ದರೆ ಪೇಪರ್ ಓದುತ್ತಾ ಕೂರಬೇಕು.

ಹಾಗಾಗಿ ನೀವು ಮಾಡಬೇಕಾದ್ದು: ಪ್ರತಿ ತಿಂಗಳು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟವಿಲ್ಲದ ಔಷಧಿಗಳ ಪಟ್ಟಿ ಹಾಕುತ್ತದೆ. ಅದನ್ನು ತೆಗೆದು ನಿಮ್ಮ ಸ್ಟಾಕಿನ ಬ್ಯಾಚ್‌ಗಳ ಜೊತೆ ಹೋಲಿಸಿ. ಕಂಪ್ಯೂಟರ್ ಬಿಲ್ಲಿಂಗ್ ಇದ್ದರೆ ಜಾಸ್ತಿ ಹೊತ್ತು ಬೇಡ. ಸಿಕ್ಕಿದ್ದನ್ನು ಬೇರೆ ಡಬ್ಬಿಗೆ ಹಾಕಿ, "ಮಾರಾಟಕ್ಕಿಲ್ಲ" ಅಂತ ದೊಡ್ಡದಾಗಿ ಬರೆದು, ಡಿಸ್ಟ್ರಿಬ್ಯೂಟರ್‌ಗೂ ಡ್ರಗ್ಸ್ ಆಫೀಸಿಗೂ ತಿಳಿಸಿ.

ಚೀಟಿ ಕೈಗೆ ಬಂದಾಗ

ಚೀಟಿಯಲ್ಲಿ ಡಾಕ್ಟರ ಸಹಿ ಮತ್ತು ತಾರೀಖು, ರೋಗಿಯ ಹೆಸರು ಮತ್ತು ವಿಳಾಸ, ಔಷಧಿಯ ಪ್ರಮಾಣ, ತೆಗೆದುಕೊಳ್ಳುವ ಕ್ರಮ ಇರಬೇಕು. ಇಷ್ಟನ್ನೂ 65ನೇ ನಿಯಮವೇ ಕೇಳುತ್ತದೆ. ಕೊಡುವಾಗ ಚೀಟಿಯಲ್ಲಿ ಡಾಕ್ಟರ ಸಹಿಯ ಮೇಲ್ಗಡೆ ಅಂಗಡಿಯ ಸೀಲ್ ಹಾಕಿ ತಾರೀಖು ಬರೆಯಬೇಕು. ಮತ್ತೆ ಕೊಡಿ ಅಂತ ಡಾಕ್ಟರ್ ಬರೆದಿಲ್ಲದಿದ್ದರೆ ಅದೇ ಚೀಟಿಗೆ ಎರಡನೇ ಸಲ ಕೊಡುವ ಹಾಗಿಲ್ಲ. ಒಂದೇ ಚೀಟಿ ಹಿಡಿದು ಊರಿನ ಎಲ್ಲ ಅಂಗಡಿಗೂ ಹೋಗುವವರು ಇದ್ದಾರೆ. ಅವರನ್ನು ತಡೆಯುವುದು ಆ ಸೀಲ್. ನಮ್ಮಲ್ಲಿ ಬಹಳ ಜನ ಇದನ್ನು ಹಾಕುವುದೇ ಇಲ್ಲ. ಮಾಲೀಕರು ಸೀಲ್ ಮಾಡಿಸಿಕೊಡದಿದ್ದರೆ ನೀವೇ ಮಾಡಿಸಿಕೊಳ್ಳಿ. ಅದೇನು ದೊಡ್ಡ ಖರ್ಚಲ್ಲ.

ಔಷಧಿಯಲ್ಲಿ ಮೂರು ಗುಂಪು, ಅಂದರೆ ನಿಯಮಗಳಲ್ಲಿರುವ ಮೂರು ಶೆಡ್ಯೂಲ್ (ಪಟ್ಟಿ), ನಿಮಗೆ ನೀರು ಕುಡಿದಷ್ಟು ಸಲೀಸಾಗಿ ಗೊತ್ತಿರಬೇಕು. ಶೆಡ್ಯೂಲ್ ಎಚ್: ಚೀಟಿ ಇಲ್ಲದೆ ಕೊಡಬಾರದು. ಶೆಡ್ಯೂಲ್ ಎಚ್1: ಚೀಟಿಯ ಜೊತೆಗೆ ಪ್ರತ್ಯೇಕ ರಿಜಿಸ್ಟರ್ ಬೇಕು. ಶೆಡ್ಯೂಲ್ ಎಕ್ಸ್: ಇದಕ್ಕೆ ಲೈಸೆನ್ಸೇ ಬೇರೆ, 20ಎಫ್ ಫಾರಂನಲ್ಲಿ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯಲ್ಲಿ 2 ವರ್ಷ ಇಡಬೇಕು. ಸಣ್ಣ ಊರಿನ ಅಂಗಡಿಗಳು ಎಕ್ಸ್ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಎಚ್1 ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಿನವೂ ಎದುರಾಗುವುದು ಅದೇ. 2013ರಲ್ಲಿ ಈ ಶೆಡ್ಯೂಲ್ ಮಾಡಿದರು, 2014ರ ಮಾರ್ಚ್ 1ರಿಂದ ಜಾರಿಗೆ ಬಂತು. ಮೊದಲ ಪಟ್ಟಿಯಲ್ಲಿ 46 ಔಷಧಿಗಳು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್‌ನಂಥ ಆಂಟಿಬಯೋಟಿಕ್‌ಗಳು, ಟಿಬಿ ಔಷಧಿಗಳು, ಆಲ್‌ಪ್ರಜೋಲಾಮ್, ಟ್ರಮಡಾಲ್‌ನಂಥ ಚಟ ಹಿಡಿಸುವ ಮಾತ್ರೆಗಳು. ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿಯ ಹೆಸರು, ಎಷ್ಟು ಕೊಟ್ಟಿರಿ ಅಂತ ಬರೆದು 3 ವರ್ಷ ಇಡಬೇಕು. ಆಲ್‌ಪ್ರಜೋಲಾಮ್ ಮತ್ತು ಟ್ರಮಡಾಲ್ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲೂ ಇವೆ. ಅಲ್ಲಿ ಸಿಕ್ಕಿಬಿದ್ದರೆ ಲೈಸೆನ್ಸ್ ಹೋಗುವುದರಲ್ಲೇ ಮುಗಿಯುವುದಿಲ್ಲ.

ಈ ರಿಜಿಸ್ಟರನ್ನು ರಾತ್ರಿ ಅಂಗಡಿ ಮುಚ್ಚುವಾಗ ನೆನಪಿನಿಂದ ತುಂಬುವ ಅಭ್ಯಾಸ ಹಲವು ಕಡೆ ಇದೆ. ಬೇಡ. ಕೌಂಟರಿನ ಮೇಲೆ, ಗಿರಾಕಿಗೆ ಕಾಣುವ ಹಾಗೆ ಇಡಿ. ಚೀಟಿ ನೋಡಿ ಅವರೆದುರಿಗೇ ಬರೆಯಿರಿ. ಹೀಗೆ ಮಾಡುವುದರಿಂದ ಎರಡು ಲಾಭ ಇದೆ. ಬರೆಯುವಾಗ ನೀವು ಚೀಟಿಯನ್ನು ನಿಜವಾಗಿ ಓದುತ್ತೀರಿ. ಇನ್ನೊಂದು, ಕಳ್ಳ ಚೀಟಿ ತಂದವರು ಪೆನ್ನು ನೋಡಿದ ಕೂಡಲೇ "ಆಮೇಲೆ ಬರ್ತೀನಿ" ಅಂತ ಹೊರಟುಬಿಡುತ್ತಾರೆ. ನೀವು ಯಾರನ್ನೂ ಬೈಯಬೇಕಾಗಿಲ್ಲ, ಅನುಮಾನ ಪಡಬೇಕಾಗಿಲ್ಲ. ಅವರನ್ನು ತಡೆಯುವ ಕೆಲಸ ಆ ಪುಸ್ತಕವೇ ಮಾಡುತ್ತದೆ. ನಿಯಮ ಒಳ್ಳೆಯ ನಡತೆಗೆ ಹೇಗೆ ನೆರವಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಪುಸ್ತಕವನ್ನೇ.

"ಇಲ್ಲ" ಎನ್ನುವ ಮಾತುಗಳು

ಕಾಲೇಜಿನಲ್ಲಿ ಇದನ್ನು ನಾಟಕ ಮಾಡಿಸಿ ಕಲಿಸುತ್ತೇನೆ. ಒಬ್ಬರು ಗಿರಾಕಿ, ಒಬ್ಬರು ಫಾರ್ಮಸಿಸ್ಟ್. ಬಾಯಿ ರೂಢಿಯಾಗಬೇಕು.

ಸಾಮಾನ್ಯವಾಗಿ ಬರುವುದು ಹೀಗೆ: "ಅಕ್ಕಾ, ಗಂಟಲು ನೋವು. ಹೋದ ಸಲ ಕೊಟ್ಟಿದ್ರಲ್ಲ, ಅದೇ ಐನೂರರ ಮಾತ್ರೆ ಮೂರು ಕೊಡಿ." ಅವರು ಕೇಳುತ್ತಿರುವುದು ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್. ನಾನು ಮೊದಲು ಕೇಳುವುದು, "ಎಷ್ಟು ದಿನದಿಂದ? ಜ್ವರ ಇದೆಯಾ? ನುಂಗೋಕೆ ಕಷ್ಟ ಆಗ್ತಿದೆಯಾ?" ಆಮೇಲೆ ಸ್ಟ್ರಿಪ್ ತೆಗೆದು ಉದ್ದಕ್ಕೂ ಇರುವ ಕೆಂಪು ಗೆರೆ ತೋರಿಸುತ್ತೇನೆ. ಆ ಗೆರೆ ಏನಂತ ಜನರಿಗೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೇ ಮಾಡಿತ್ತು. "ನೋಡಣ್ಣ, ಈ ಕೆಂಪು ಗೆರೆ ಇರೋದನ್ನು ಡಾಕ್ಟರ್ ಹೇಳದೆ ಕೊಡಬಾರದು. ಗಂಟಲು ನೋವು ಜಾಸ್ತಿ ಸಲ ವೈರಸ್‌ದು. ಇದು ಕೆಲಸ ಮಾಡಲ್ಲ. ಸುಮ್ನೆ ತಗೊಂಡ್ರೆ ನಾಳೆ ನಿಜವಾಗಿ ಬೇಕಾದಾಗ ಹಿಡಿಯಲ್ಲ. ಉಪ್ಪುನೀರು ಮುಕ್ಕಳಿಸಿ, ನೋವಿಗೆ ಪ್ಯಾರಸಿಟಮಾಲ್ ಕೊಡ್ತೀನಿ. ಮೂರು ದಿನಕ್ಕೆ ಇಳೀದಿದ್ರೆ ಆಸ್ಪತ್ರೆಗೆ ಹೋಗಿ."

ಈ ಮಾತಿನಲ್ಲಿ ಗಮನಿಸಿ. ಬರೀ "ಚೀಟಿ ತನ್ನಿ" ಅಂದಿದ್ದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಕಾನೂನು "ಕೊಡಬೇಡ" ಅನ್ನುತ್ತದೆ ಅಷ್ಟೇ. ಯಾಕೆ ಬೇಡ, ಬದಲಿಗೆ ಏನು ಮಾಡಬಹುದು ಅನ್ನುವುದು ಓದಿನಿಂದ ಬರಬೇಕು. ಫಾರ್ಮಕಾಲಜಿ ಪುಸ್ತಕವನ್ನು ಪರೀಕ್ಷೆ ಮುಗಿದ ಮೇಲೆ ಮಾರಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ರೀತಿಯವರು ಕಷ್ಟ. ಭಾನುವಾರ ರಾತ್ರಿ ಹಳ್ಳಿಯಿಂದ ಅಜ್ಜಿಯೊಬ್ಬರು ಬರುತ್ತಾರೆ. ಬಿಪಿ ಮಾತ್ರೆ ಮುಗಿದಿದೆ. ಚೀಟಿ ಹಳೆಯದು, ಮಡಚಿ ಮಡಚಿ ಹರಿದಿದೆ. ಇಲ್ಲಿ ಬಾಗಿಲು ಹಾಕಿಕೊಂಡ ಹಾಗೆ "ಆಗಲ್ಲ" ಅನ್ನುವುದು ನ್ಯಾಯ ಅಲ್ಲ. ಮಾತ್ರೆ ತಪ್ಪಿಸಿದರೆ ಅವರ ಜೀವಕ್ಕೇ ಕಷ್ಟ. ನೀವು ಮಾಡಬೇಕಾದ್ದು ದಾರಿ ಹುಡುಕಿಕೊಡುವುದು. ಚೀಟಿ ಬರೆದ ಡಾಕ್ಟರಿಗೆ ಫೋನ್ ಮಾಡಿ, ಹೊಸ ಚೀಟಿ ಕಳಿಸುತ್ತಾರಾ ಕೇಳಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಡಾಕ್ಟರು ಫೋನಿನಲ್ಲಿ ನೋಡಿ ಚೀಟಿಯ ಫೋಟೋ ಕಳಿಸಲು ಅವಕಾಶ ಇದೆ. ಸರ್ಕಾರದ ಇ-ಸಂಜೀವಿನಿಯಲ್ಲಿ ಹಗಲಿನ ಹೊತ್ತು ಪುಕ್ಕಟೆ ಡಾಕ್ಟರ್ ಸಿಗುತ್ತಾರೆ. ಅಜ್ಜಿಯ ಮೊಮ್ಮಗನ ಮೊಬೈಲಿನಲ್ಲಿ ಅದನ್ನು ಹಾಕಿಕೊಟ್ಟು ಕಳಿಸಿ. ರಾತ್ರಿಯಾದರೆ ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿ ತೆರೆದಿರುತ್ತದೆ. ಸುತ್ತಮುತ್ತಲಿನ ಡಾಕ್ಟರುಗಳ ನಂಬರ್ ಬರೆದ ಹಾಳೆಯೊಂದನ್ನು ಕೌಂಟರಿನ ಒಳಗಡೆ ಅಂಟಿಸಿಕೊಳ್ಳಿ. ಅಗತ್ಯ ಬಿದ್ದಾಗ ಹುಡುಕುವುದು ಬೇಡ.

ಗರ್ಭ ತೆಗೆಯುವ ಕಿಟ್ ಕೇಳಿಕೊಂಡು ಬರುವವರ ಬಗ್ಗೆ ಒಂದು ಮಾತು. ಚೀಟಿ ಇಲ್ಲದೆ ಕೊಡಬೇಡಿ, ಯಾವ ಕಾರಣಕ್ಕೂ. ರಕ್ತಸ್ರಾವ ನಿಲ್ಲದೆ ಹೆಣ್ಣುಮಕ್ಕಳ ಪ್ರಾಣಕ್ಕೆ ಬಂದದ್ದಿದೆ. ಆದರೆ ಬಂದವರನ್ನು ನಾಲ್ಕು ಜನರ ಮುಂದೆ ಪ್ರಶ್ನೆ ಮಾಡಬೇಡಿ. ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿ: ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇದ್ದಾರೆ, ಇದು ಕಾನೂನಿನ ಪ್ರಕಾರವೇ ಮಾಡಿಸಬಹುದು, ಹೆಸರು ಗುಟ್ಟಾಗಿರುತ್ತದೆ. ರೋಗಿಯ ಗುಟ್ಟು ಕಾಯುವುದು ನಮ್ಮ ನೀತಿ ಸಂಹಿತೆಯಲ್ಲೂ ಇದೆ, ಮನುಷ್ಯತ್ವದಲ್ಲೂ ಇದೆ.

ಮಾಲು ತರುವಾಗ

ಇಲ್ಲಿ ಕಾನೂನು ನಿಮ್ಮ ಪರವಾಗಿ ನಿಲ್ಲುತ್ತದೆ. ಬಹಳ ಜನರಿಗೆ ಇದು ಗೊತ್ತಿಲ್ಲ. 1940ರ ಕಾಯ್ದೆಯ 19ನೇ ಸೆಕ್ಷನ್‌ನ ಮೂರನೇ ಭಾಗ ಓದಿ. ನೀವು ಮಾರಿದ ಔಷಧಿ ಕಳಪೆ ಅಂತ ಸಾಬೀತಾದರೂ, ಮೂರು ವಿಷಯ ತೋರಿಸಿದರೆ ನೀವು ಬಚಾವ್. ಲೈಸೆನ್ಸ್ ಇರುವ ಡಿಸ್ಟ್ರಿಬ್ಯೂಟರ್ ಅಥವಾ ಕಂಪನಿಯಿಂದಲೇ ತಂದಿದ್ದೀರಿ. ಅದು ಕಳಪೆ ಅಂತ ನಿಮಗೆ ಗೊತ್ತಿರಲಿಲ್ಲ, ಗೊತ್ತಾಗುವ ಹಾಗೂ ಇರಲಿಲ್ಲ. ನಿಮ್ಮಲ್ಲಿದ್ದಷ್ಟು ದಿನ ಸರಿಯಾಗಿ ಇಟ್ಟಿದ್ದೀರಿ. ಯಾರಿಂದ ತಂದಿರಿ ಅಂತ ಇನ್ಸ್‌ಪೆಕ್ಟರ್ ಕೇಳಿದರೆ ಹೇಳಲೇಬೇಕು ಅಂತ 18ಎ ಸೆಕ್ಷನ್ ಇದೆ.

ಇದರ ಅರ್ಥ ಇಷ್ಟೇ. ಬಿಲ್ ಇಲ್ಲದ ಮಾಲು ನಿಮ್ಮ ಕುತ್ತಿಗೆಗೆ ಬರುತ್ತದೆ, ಬಿಲ್ ಇರುವ ಮಾಲು ನಿಮ್ಮನ್ನು ಉಳಿಸುತ್ತದೆ. ಬ್ಯಾಗಿನಲ್ಲಿ ತಂದು "ಮೇಡಂ, ಅರ್ಧ ರೇಟು, ಬಿಲ್ ಕೇಳಬೇಡಿ" ಅನ್ನುವವರು ಬಂದರೆ ಒಳಗೂ ಕರೆಯಬೇಡಿ. ಡಿಸ್ಟ್ರಿಬ್ಯೂಟರ್ ಬಿಲ್ಲಿನಲ್ಲಿ ಅವರ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಬಾಕ್ಸ್ ಬಿಚ್ಚಿದಾಗ ಬಿಲ್ಲಿನ ಬ್ಯಾಚ್ ನಂಬರ್ ಮತ್ತು ಸ್ಟ್ರಿಪ್ಪಿನ ಬ್ಯಾಚ್ ನಂಬರ್ ತಾಳೆ ಹಾಕಿ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಅಥವಾ ಬಾರ್ ಕೋಡ್ ಕಡ್ಡಾಯ. ಅನುಮಾನ ಬಂದರೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ.

"ಸರಿಯಾಗಿ ಇಟ್ಟಿದ್ದೀರಿ" ಅನ್ನುವುದಕ್ಕೂ ಸಾಕ್ಷಿ ಬೇಕಲ್ವಾ? ಫ್ರಿಜ್ಜಿನಲ್ಲಿ ಥರ್ಮಾಮೀಟರ್ ಇಡಿ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ ಪುಸ್ತಕದಲ್ಲಿ ಬರೆಯಿರಿ. ನಮ್ಮೂರಿನ ಹಾಗೆ ಬೇಸಿಗೆಯಲ್ಲಿ ಕರೆಂಟ್ ಹೋಗುವ ಕಡೆ ಫ್ರಿಜ್ಜಿಗೆ ಬ್ಯಾಕಪ್ ಇಲ್ಲದೆ ಇನ್ಸುಲಿನ್ ಇಡಬೇಡಿ. ಫ್ರಿಜ್ಜಿನ ಬಾಗಿಲಿನಲ್ಲೂ ಬೇಡ, ಐಸ್ ಕಟ್ಟುವ ಜಾಗಕ್ಕೆ ತಾಗುವ ಹಾಗೂ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ನೋಡಲು ಸರಿಯಾಗಿಯೇ ಕಾಣಬಹುದು, ಕೆಲಸ ಮಾತ್ರ ಮಾಡುವುದಿಲ್ಲ.

ಇನ್ಸ್‌ಪೆಕ್ಟರ್ ಸ್ಯಾಂಪಲ್ ತೆಗೆಯಲು ಬಂದರೆ ಹೆದರಬೇಡಿ. ಅದು ಅವರ ಕೆಲಸ. 17ನೇ ಫಾರಂ ಕೊಟ್ಟು, ಬೆಲೆ ಕೊಟ್ಟು, ಸಾಮಾನ್ಯವಾಗಿ ಸ್ಯಾಂಪಲನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ನಿಮಗೆ ಬರುತ್ತದೆ. ಅದನ್ನು ಬೀರುವಿನಲ್ಲಿ ಭದ್ರವಾಗಿಡಿ. ಯಾರಾದರೂ ಲಂಚ ಕೇಳಿದರೆ? ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಅವರಿಗೆ ರಕ್ಷಣೆ ಇದೆ. ನಮ್ಮ ರಾಜ್ಯದಲ್ಲಿ ಲೋಕಾಯುಕ್ತಕ್ಕೆ ಹೋಗಬಹುದು. ನಿಮ್ಮ ಪುಸ್ತಕಗಳು ಸರಿ ಇದ್ದರೆ ಕೇಳುವವರಿಗೂ ಹಿಂಜರಿಕೆಯಾಗುತ್ತದೆ. ರಿಜಿಸ್ಟರ್ ಖಾಲಿ ಇದ್ದ ಅಂಗಡಿಗೆ ಧೈರ್ಯ ಎಲ್ಲಿಂದ ಬರಬೇಕು?

ದುಡ್ಡಿನ ವಿಷಯ

2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಬೆಲೆ ನಿಗದಿಯಾದ ಔಷಧಿಗಳಲ್ಲಿ ಅಂಗಡಿಯವರಿಗೆ ಶೇ 16 ಲಾಭಾಂಶ ಲೆಕ್ಕ ಹಾಕಿದ್ದಾರೆ. ಅದರಲ್ಲಿ ಅಂಗಡಿ ನಡೆಯುತ್ತದೆ. ಕಂಪನಿಗಳ ಆಫರ್‌ಗಳ ಹಿಂದೆ ಓಡಿದರೆ ಕಣ್ಣು ಚೀಟಿಯಿಂದ ಜಾರುತ್ತದೆ.

ಬಿಡಿ ಮಾತ್ರೆಗೆ ಜಾಸ್ತಿ ತೆಗೆದುಕೊಳ್ಳುವುದು ಅದೇ ಆದೇಶದಲ್ಲಿ ತಪ್ಪು. ಹತ್ತರ ಬೆಲೆಯನ್ನು ಹತ್ತರಿಂದ ಭಾಗಿಸಿ ಅಷ್ಟೇ ತೆಗೆದುಕೊಳ್ಳಬೇಕು. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ಮತ್ತು ಎಕ್ಸ್‌ಪೈರಿ ಅಚ್ಚಾಗಿರುವ ತುದಿಯನ್ನು ಕೊನೆಗೆ ಉಳಿಯುವ ಹಾಗೆ ಇನ್ನೊಂದು ತುದಿಯಿಂದ ಕತ್ತರಿಸಿ. ಕತ್ತರಿಸಿ ಕೊಟ್ಟ ಮಾತ್ರೆಯ ಕವರ್ ಮೇಲೆ ಹೆಸರು, ಎಕ್ಸ್‌ಪೈರಿ ಬರೆಯಿರಿ. ಓದಲು ಬಾರದವರಿಗೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬಿಡಿಸಿ.

ಬ್ರಾಂಡ್ ಬದಲಿಸುವ ವಿಷಯದಲ್ಲಿ ನಿಯಮ ಬಹಳ ಕಟ್ಟುನಿಟ್ಟು. ಎಚ್ ಮತ್ತು ಎಕ್ಸ್ ಔಷಧಿಗೆ ಚೀಟಿಯಲ್ಲಿರುವುದರ ಬದಲು ಬೇರೆ ಕೊಡಬಾರದು, ಒಳಗಿನ ಔಷಧಿ ಅದೇ ಆಗಿದ್ದರೂ. ನನಗೆ ಈ ನಿಯಮ ಪೂರ್ತಿ ಒಪ್ಪಿಗೆ ಇಲ್ಲ. ಬಡವರಿಗೆ ಅಗ್ಗದ ಜನರಿಕ್ ಕೊಡಲು ಇದು ಅಡ್ಡಿ. ಆದರೂ ನಿಯಮ ಇರುವಷ್ಟು ದಿನ ದಾರಿ ಇದು: ಡಾಕ್ಟರಿಗೆ ಫೋನ್ ಮಾಡಿ, ಅವರು ಒಪ್ಪಿ ಚೀಟಿ ತಿದ್ದಿಕೊಟ್ಟರೆ ಕೊಡಿ. ಚೀಟಿಯಲ್ಲಿ ಜನರಿಕ್ ಹೆಸರೇ ಇದ್ದರೆ ಅಗ್ಗದ್ದನ್ನೇ ತೋರಿಸಿ. ಜನೌಷಧಿ ಕೇಂದ್ರ ಎಲ್ಲಿದೆ ಅಂತ ಕೇಳಿದವರಿಗೆ ನಾನು ದಾರಿ ಹೇಳುತ್ತೇನೆ. ಆ ಗಿರಾಕಿ ಇನ್ನೊಂದು ದಿನ ನನ್ನಲ್ಲಿಗೇ ಬರುತ್ತಾರೆ.

ಡಾಕ್ಟರಿಗೆ ಕಮಿಷನ್ ಕೊಟ್ಟು ಚೀಟಿ ತರಿಸಿಕೊಳ್ಳುವ ಒಪ್ಪಂದಕ್ಕೆ ಕೈ ಹಾಕಬೇಡಿ. ಡಾಕ್ಟರುಗಳ 2002ರ ನಡತೆ ನಿಯಮಗಳು ಅದನ್ನು ನಿಷೇಧಿಸಿವೆ, ನಮ್ಮ ಕೌನ್ಸಿಲ್‌ನ ನೀತಿ ಸಂಹಿತೆಯೂ ಬೇಡ ಅನ್ನುತ್ತದೆ. 2024ರ ಮಾರ್ಚಿನಲ್ಲಿ ಔಷಧ ಕಂಪನಿಗಳ ಪ್ರಚಾರಕ್ಕೂ ಸಂಹಿತೆ ಬಂತು, ಉಡುಗೊರೆ ಕೊಡುವುದನ್ನು ತಡೆಯಲು. ಇಂಥ ಒಪ್ಪಂದದ ಖರ್ಚು ಕೊನೆಗೆ ರೋಗಿಯ ಜೇಬಿನಿಂದಲೇ ಬರಬೇಕು. ಬೇಡದ ಟಾನಿಕ್ ಒಂದು ಚೀಟಿಗೆ ಸೇರಿಕೊಳ್ಳುತ್ತದೆ.

ಪಕ್ಕದ ಅಂಗಡಿಯವರು ಕೊಡುತ್ತಾರಲ್ಲ?

ಇದು ಎಲ್ಲ ಹುಡುಗರ ಪ್ರಶ್ನೆ. ನಿಜ, ಕೊಡುತ್ತಾರೆ. ಕಾನೂನು ನಿಧಾನ, ಇನ್ಸ್‌ಪೆಕ್ಟರುಗಳು ಕಮ್ಮಿ. ಒಬ್ಬರೇ ನ್ಯಾಯವಾಗಿದ್ದರೆ ನಷ್ಟ ಅವರಿಗೆ ಮಾತ್ರ. ಅದಕ್ಕೇ ಒಬ್ಬರೇ ಇರಬೇಡಿ ಅನ್ನುತ್ತೇನೆ. ಆಸ್ಪತ್ರೆ ರಸ್ತೆಯ ಅಂಗಡಿಗಳವರು ಕೂತು, ಟ್ರಮಡಾಲ್ ಮತ್ತು ನಿದ್ದೆ ಮಾತ್ರೆ ಚೀಟಿ ಇಲ್ಲದೆ ಯಾರೂ ಕೊಡುವುದಿಲ್ಲ ಅಂತ ಮಾತಾಡಿಕೊಂಡೆವು. ಎಲ್ಲ ಔಷಧಿಗೂ ಒಪ್ಪಿಸಲು ನನ್ನಿಂದ ಆಗಲಿಲ್ಲ. ಆ ಎರಡಕ್ಕೆ ಒಪ್ಪಿದರು, ಯಾಕೆಂದರೆ ಅವರ ಮನೆಗಳಲ್ಲೂ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ನಿಮ್ಮೂರಿನಲ್ಲೂ ಹೀಗೆ ಒಂದೆರಡು ಔಷಧಿಯಿಂದ ಶುರು ಮಾಡಿ. ತಾಲ್ಲೂಕಿನ ಕೆಮಿಸ್ಟರ ಸಂಘದ ಸಭೆಯಲ್ಲಿ ಮಾತೆತ್ತಿ.

ಮಾಲೀಕರೇ ಒತ್ತಾಯ ಮಾಡಿದರೆ ಮೊದಲು ಅವರದೇ ಲೆಕ್ಕದಲ್ಲಿ ಹೇಳಿ: "ಸರ್, ರೂಲ್ 66ರಲ್ಲಿ ಲೈಸೆನ್ಸ್ ಸಸ್ಪೆಂಡ್ ಮಾಡ್ತಾರೆ. ಒಂದು ವಾರ ಬಾಗಿಲು ಹಾಕಿದ್ರೆ ಎಷ್ಟು ನಷ್ಟ?" ಇದಕ್ಕೆ ಬಹಳ ಮಾಲೀಕರು ಬಗ್ಗುತ್ತಾರೆ. ಬಗ್ಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ. ಹೋಗುವಾಗ ಮೇಲೆ ಹೇಳಿದ ಪತ್ರ ಮರೆಯಬೇಡಿ.

ಓದು ಮುಗಿಯುವುದಿಲ್ಲ

ಡಿ.ಫಾರ್ಮದಲ್ಲಿ ಮೂರು ತಿಂಗಳ, ಅಂದರೆ ಕನಿಷ್ಠ 500 ಗಂಟೆಯ ತರಬೇತಿ ಇದೆ. ಬರೀ ಸಹಿ ಹಾಕಿಸಿಕೊಳ್ಳುವವರು ಇದ್ದಾರೆ, ಹಾಕಿಕೊಡುವ ಅಂಗಡಿಗಳೂ ಇವೆ. ಕೆಟ್ಟ ನಡತೆಯ ಮೊದಲ ಪಾಠ ಅಲ್ಲೇ ಆಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಸುಳ್ಳು ಹಾಜರಾತಿಯಿಂದ ಶುರುವಾದವರಿಗೆ ಸುಳ್ಳು ರಿಜಿಸ್ಟರ್ ಯಾಕೆ ಕಷ್ಟವಾಗಬೇಕು? ಈಗ ಡಿ.ಫಾರ್ಮ ಮುಗಿಸಿದವರಿಗೆ ಎಕ್ಸಿಟ್ ಪರೀಕ್ಷೆಯೂ ಬಂದಿದೆ. 2022ರಲ್ಲಿ ನಿಯಮ ಆಯಿತು, ಮೊದಲ ಪರೀಕ್ಷೆ 2024ರ ಅಕ್ಟೋಬರಿನಲ್ಲಿ ನಡೆಯಿತು. ಕಾನೂನು ವಿಷಯ ಅದರಲ್ಲೂ ಇದೆ. ನನಗೆ ಇದು ಸಂತೋಷ.

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳನ್ನು ಪ್ರಿಂಟ್ ತೆಗೆದು ಅಂಗಡಿಯಲ್ಲಿ ಇಟ್ಟುಕೊಳ್ಳಿ. ಬಿಳಿ ಕೋಟು, ಹೆಸರು ಮತ್ತು ರಿಜಿಸ್ಟ್ರೇಷನ್ ನಂಬರ್ ಇರುವ ಬ್ಯಾಡ್ಜ್ ಹಾಕಬೇಕು ಅಂತ ಅದರಲ್ಲಿದೆ. ಹಾಕಿ. ಎದೆಯ ಮೇಲೆ ಹೆಸರಿದ್ದಾಗ ಕೈ ತಾನಾಗಿ ಎಚ್ಚರವಾಗುತ್ತದೆ. ರೋಗಿಗೆ ಔಷಧಿಯ ಬಗ್ಗೆ ತಿಳಿಹೇಳುವುದು ಫಾರ್ಮಸಿಸ್ಟ್ ಕರ್ತವ್ಯ ಅಂತಲೂ ಅದೇ ಹೇಳುತ್ತದೆ. 5 ವರ್ಷದಲ್ಲಿ ಕನಿಷ್ಠ 2 ರಿಫ್ರೆಶರ್ ಕೋರ್ಸ್ ಮಾಡಬೇಕು. ಊಟ, ಸರ್ಟಿಫಿಕೇಟ್ ತೆಗೆದುಕೊಂಡು ಬರಬೇಡಿ. ನಿಮ್ಮ ಅಂಗಡಿಗೆ ಬಂದ ನಿಜವಾದ ಚೀಟಿಯ ಪ್ರಶ್ನೆಗಳನ್ನು ಹೆಸರು ಮರೆಮಾಡಿ ಬರೆದುಕೊಂಡು ಹೋಗಿ, ಪಾಠ ಮಾಡುವವರನ್ನು ಕೇಳಿ.

ಔಷಧಿ ತೆಗೆದುಕೊಂಡ ಮೇಲೆ ಮೈಯೆಲ್ಲ ದದ್ದು ಎದ್ದಿತು ಅಂತ ಯಾರಾದರೂ ಬಂದರೆ, ಮೊದಲು ಡಾಕ್ಟರ ಹತ್ತಿರ ಕಳಿಸಿ. ಆಮೇಲೆ ಔಷಧಿಯ ಹೆಸರು, ಬ್ಯಾಚ್, ಏನಾಯಿತು ಅಂತ ಬರೆದು ಅಡ್ಡ ಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಿಳಿಸಿ. 2010ರಿಂದ ಅದು ನಡೆಯುತ್ತಿದೆ. ಪುಕ್ಕಟೆ ಸಹಾಯವಾಣಿ 1800-180-3024. ಫಾರ್ಮಸಿಸ್ಟ್ ಕೂಡ ವರದಿ ಕೊಡಬಹುದು. ಡಾಕ್ಟರೇ ಕೊಡಬೇಕು ಅಂತ ಕಾಯಬೇಕಾಗಿಲ್ಲ.

ತರಬೇತಿಗೆ ಅಂಗಡಿ ಹುಡುಕುತ್ತಿರುವವರು ಸೇರುವ ಮೊದಲು ಅಲ್ಲಿನ ಫಾರ್ಮಸಿಸ್ಟ್‌ಗೆ ಎರಡು ಪ್ರಶ್ನೆ ಕೇಳಿ: "ಎಚ್1 ರಿಜಿಸ್ಟರ್ ನಾನು ಬರೆಯಬಹುದಾ? ಗಿರಾಕಿಗಳ ಜೊತೆ ನೀವು ಮಾತಾಡುವಾಗ ಪಕ್ಕದಲ್ಲಿ ನಿಲ್ಲಬಹುದಾ?" ಎರಡಕ್ಕೂ ಹೂಂ ಅಂದರೆ ಅಲ್ಲಿ ಸೇರಿಕೊಳ್ಳಿ. "ಅದೆಲ್ಲ ಯಾಕೆ, ಸಹಿ ತಾನೇ ಬೇಕು?" ಅಂದರೆ ಮುಂದಿನ ಅಂಗಡಿಗೆ ಹೋಗಿ ಕೇಳಿ.